ಸಿಆರ್‌ಪಿ ಷರಾ ಬರೆದರೆ ಇನ್‌ಕ್ರಿಮೆಂಟ್ ನಿಲ್ಲುತ್ತಾ?

ಮೇಡಂ, ನಲಿಕಲಿ (ಚಿಕ್ಕ ತರಗತಿಗಳ ಚಟುವಟಿಕೆ ಆಧಾರಿತ ಕಲಿಕೆ) ಮಕ್ಕಳ ಓದು ಹಿಂದಿದೆ ಅಂತ ಸಿಆರ್‌ಪಿ, ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ನಿಮ್ಮ ಕುಷ್ಟಗಿ ಶಾಲೆಯ ಸಂದರ್ಶಕರ ಪುಸ್ತಕದಲ್ಲಿ ಬರೆದಿದ್ದಾರೆ, ಇನ್‌ಕ್ರಿಮೆಂಟ್ ನಿಲ್ಲುತ್ತಾ ಅಂತ ಕೇಳಿದ್ದೀರಿ. ಅಷ್ಟಕ್ಕೇ ನಿಲ್ಲಲ್ಲ. ಇನ್‌ಕ್ರಿಮೆಂಟ್ ತಡೆಯುವುದು ಒಂದು ದಂಡನೆ. ಸರ್ಕಾರಿ ನೌಕರರ ಶಿಸ್ತು ಕ್ರಮದ 1957ರ ಸಿಸಿಎ ನಿಯಮದಂತೆ ನೋಟಿಸ್ ಕೊಟ್ಟು ನಿಮ್ಮ ಉತ್ತರ ಕೇಳಬೇಕು. ಸಿಆರ್‌ಪಿಯೂ ಶಿಕ್ಷಕರೇ, ಶಿಕ್ಷೆ ಕೊಡುವ ಅಧಿಕಾರ ಅವರಿಗಿಲ್ಲ. ಷರಾಕ್ಕೆ ಅನುಪಾಲನಾ ವರದಿ (ಷರಾದ ಮೇಲೆ ಏನು ಮಾಡಿದಿರಿ ಎಂಬ ಉತ್ತರ) ಬರೆದು ಹೆಡ್‌ಮಾಸ್ಟರ್ ಮೂಲಕ ಕೊಡಿ, ಸಾಕು.

ನಿಜವಾದ ಮೌಲ್ಯಮಾಪನ ಇರುವುದು ವಾರ್ಷಿಕ ಕಾರ್ಯನಿರ್ವಹಣಾ ವರದಿಯಲ್ಲಿ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಏನು ಮಾಡಿದಿರಿ ಅಂತ ಮೊದಲು ನೀವೇ ಬರೆಯಬೇಕು. ಮೇಲಿನವರ ಷರಾ ಆಮೇಲೆ. ಬಹಳ ಜನ ಹಳೇ ಪ್ರತಿ ನೋಡಿ ಸುಮ್ನೆ ತುಂಬಿಸುತ್ತಾರೆ (ಆಮೇಲೆ ಗೊಣಗುತ್ತಾರೆ!). ನೀವು ಹಾಗೆ ಮಾಡಬೇಡಿ. ನಮ್ಮ ಕೊಪ್ಪಳ, ರಾಯಚೂರು ಕಡೆ ಅಪ್ಪ ಅಮ್ಮ ಗುಳೆ ಹೊರಟರೆ ಮಗುವೂ ಹೊರಡುತ್ತದೆ. ತಿಂಗಳುಗಟ್ಟಲೆ ಶಾಲೆಯಲ್ಲೇ ಇಲ್ಲದ ಮಗು ಕಲಿಕಾ ಏಣಿ (ನಲಿಕಲಿಯಲ್ಲಿ ಮೈಲಿಗಲ್ಲುಗಳಾಗಿ ಜೋಡಿಸಿದ ಕಲಿಕೆಯ ಹಂತಗಳು) ಹತ್ತುವುದು ಹೇಗೆ? ಯಾವ ಮಗು ಯಾವಾಗ ಹೋಯಿತು, ವಾಪಸ್ ಬಂದಾಗ ಯಾವ ಮೈಲಿಗಲ್ಲಿನಲ್ಲಿತ್ತು, ಈಗ ಎಲ್ಲಿದೆ, ಇದನ್ನೆಲ್ಲ ಹಾಜರಿ ಪುಸ್ತಕ, ಪ್ರಗತಿ ನೋಟ (ಪ್ರತಿ ಮಗುವಿನ ಕಲಿಕೆಯ ದಾಖಲೆ) ಮುಂದಿಟ್ಟುಕೊಂಡು ಬರೆಯಿರಿ. ಇದನ್ನು ನಿಮ್ಮಷ್ಟು ಚೆನ್ನಾಗಿ ಬೇರೆ ಯಾರೂ ಬರೆಯಲಾರರು.

ಇನ್ನೊಂದು ಮಾತು. ಕೆಟ್ಟ ಷರಾ ಮಾತ್ರವಲ್ಲ, ವರದಿಯ ಪ್ರತಿ ಷರಾವನ್ನೂ ನೌಕರರಿಗೆ ತಿಳಿಸಬೇಕು ಅಂತ ಸುಪ್ರೀಂ ಕೋರ್ಟ್ 2008ರ ದೇವ್ ದತ್ ಪ್ರಕರಣದಲ್ಲೇ ಹೇಳಿದೆ. ಒಪ್ಪಿಗೆ ಇಲ್ಲದಿದ್ದರೆ ಮನವಿ ಕೊಡಬಹುದು.

ನೀವಿನ್ನೂ ಪ್ರೊಬೇಷನ್‌ನಲ್ಲಿ ಇದ್ದೀರಾ? ಹಾಗಿದ್ದರೆ ಸ್ವಲ್ಪ ಜಾಸ್ತಿ ಹುಷಾರಾಗಿರಿ, ಅನುಪಾಲನೆಯ ಒಂದು ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.