40 ಮನೆಗಳ ಬಡಾವಣೆಗೆ ನೆಲದಡಿಯ ಬಿಸಿ-ತಂಪು ಪೈಪ್ ಜಾಲ ಬೇಕಾ?

ನಮಸ್ಕಾರ. ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮೈಸೂರಿನಲ್ಲಿ ಬೋಗಾದಿ ಆಚೆ ನೀವೆಲ್ಲ ಸೇರಿ 40 ಮನೆಗಳ ಬಡಾವಣೆ ಮಾಡುತ್ತಿದ್ದೀರಿ. ಯುರೋಪಿನ ಹಾಗೆ ನೆಲದಡಿ ಉಗುರುಬೆಚ್ಚಗಿನ ನೀರಿನ ಪೈಪ್ ಹಾಕಿ, ಅದರಿಂದಲೇ ಸ್ನಾನಕ್ಕೆ ಬಿಸಿನೀರು, ಬೇಸಿಗೆಗೆ ತಂಪು ಎರಡನ್ನೂ ಕೊಡಬಹುದಾ ಅಂತ ಕೇಳಿದ್ದೀರಿ. ಕೊನೆಯಲ್ಲಿ, ಪಕ್ಕದಲ್ಲಿ 200 ಹುಡುಗಿಯರ ಹಾಸ್ಟೆಲ್, ಎದುರಿಗೆ ಒಂದು ಸೂಪರ್ ಮಾರ್ಕೆಟ್ ಮತ್ತು ಕಲ್ಯಾಣ ಮಂಟಪ ಬರುತ್ತಿದೆ ಅಂತಲೂ ಬರೆದಿದ್ದೀರಿ. ನನ್ನ ಉತ್ತರವೆಲ್ಲ ಆ ಕೊನೆಯ ಸಾಲಿನಲ್ಲೇ ಇದೆ.

ನಾನು 18 ವರ್ಷದಿಂದ ಮಂಡ್ಯ, ಮೈಸೂರು ಸುತ್ತ ಚಿಲ್ಲರ್ (ನೀರು ತಂಪು ಮಾಡುವ ದೊಡ್ಡ ಯಂತ್ರ) ಮತ್ತು ಹಾಲಿನ ಕೂಲರ್ ರಿಪೇರಿ ಮಾಡುತ್ತಿದ್ದೇನೆ. 40 ಮನೆಗೆ ಮಾತ್ರ ಅಂದರೆ ಬೇಡ. ಹಾಸ್ಟೆಲ್ ಮತ್ತು ಅಂಗಡಿಯನ್ನು ಜೋಡಿಸುವುದಾದರೆ ಖಂಡಿತ ಮಾಡಿ.

ಮೊದಲು ಯುರೋಪಿನಲ್ಲಿ ಅವರು ಏನು ಮಾಡುತ್ತಾರೆ ನೋಡಿ. ಹಿಂದೆ 100 ಡಿಗ್ರಿ ಮೀರಿದ ಹಬೆಯನ್ನೋ ನೀರನ್ನೋ ಊರಿಗೆಲ್ಲ ಕಳಿಸುತ್ತಿದ್ದರು. ದಾರಿಯಲ್ಲೇ ಬಹಳಷ್ಟು ಬಿಸಿ ಸೋರಿಹೋಗುತ್ತಿತ್ತು. ಈಗ ಕೆಲವೆಡೆ 50-60 ಡಿಗ್ರಿಗೆ ಇಳಿಸಿದ್ದಾರೆ. ಇನ್ನೂ ಹೊಸ ಜಾಲಗಳಲ್ಲಿ ನೀರು ಹೆಚ್ಚುಕಮ್ಮಿ ಮಣ್ಣಿನಷ್ಟೇ ಬಿಸಿ ಇರುತ್ತದೆ. ಹಾಗಾಗಿ ಪೈಪಿಗೆ ದಪ್ಪ ಹೊದಿಕೆಯೂ ಬೇಕಿಲ್ಲ. ಪ್ರತಿ ಕಟ್ಟಡದಲ್ಲಿ ಒಂದು ಹೀಟ್ ಪಂಪ್ ಇರುತ್ತದೆ, ಅಂದರೆ ಕರೆಂಟಿನಿಂದ ಬಿಸಿಯನ್ನು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆಗೆ ಹಾಕುವ, ಫ್ರಿಜ್ ತರಹದ ಯಂತ್ರ. ಬಿಸಿ ಬೇಕಾದವರು ಆ ನೀರಿನಿಂದ ಎತ್ತಿಕೊಳ್ಳುತ್ತಾರೆ, ತಂಪು ಬೇಕಾದವರು ತಮ್ಮ ಬಿಸಿಯನ್ನು ಅದಕ್ಕೇ ಸುರಿಯುತ್ತಾರೆ. ನೆದರ್‌ಲ್ಯಾಂಡ್ಸ್‌ನ ಹೇರ್ಲೆನ್ ಊರಲ್ಲಿ ಮುಚ್ಚಿದ ಕಲ್ಲಿದ್ದಲು ಗಣಿಯಲ್ಲಿ ತುಂಬಿಕೊಂಡ ನೀರನ್ನೇ 2008ರಿಂದ ಹೀಗೆ ಬಳಸುತ್ತಿದ್ದಾರೆ. ಸುಮಾರು 28 ಡಿಗ್ರಿಯ ನೀರು ಒಂದು ಕಡೆಯಿಂದ, 16 ಡಿಗ್ರಿಯದು ಇನ್ನೊಂದು ಕಡೆಯಿಂದ.

ಆದರೆ ಅಲ್ಲಿ ವರ್ಷದಲ್ಲಿ ಆರು ತಿಂಗಳು ಮನೆಯನ್ನೇ ಕಾಯಿಸಬೇಕು. ನಮಗೆ ಬೇಕಿರುವುದು ಸ್ನಾನದ ನೀರು ಅಷ್ಟೇ. ನಾಲ್ಕು ಜನರ ಮನೆಗೆ ದಿನಕ್ಕೆ 100 ಲೀಟರ್ ಅಂದುಕೊಳ್ಳಿ. ಅದನ್ನು 25ರಿಂದ 50 ಡಿಗ್ರಿಗೆ ತರಲು ಸುಮಾರು 3 ಯೂನಿಟ್ ಸಾಕು. ತಾರಸಿಯ ಮೇಲಿನ ಸೋಲಾರ್ ಹೀಟರ್ ವರ್ಷದ ಹೆಚ್ಚಿನ ದಿನ ಅದನ್ನು ಬಿಟ್ಟಿಯಾಗಿ ಕೊಡುತ್ತದೆ. ಎಸಿಯೂ ಅಷ್ಟೆ, ಮಾರ್ಚ್‌ನಿಂದ ಮೇವರೆಗೆ ರಾತ್ರಿ ಒಂದು ರೂಮಿನಲ್ಲಿ ಓಡುತ್ತದೆ. ಇಷ್ಟಕ್ಕೆ 40 ಮನೆ ಮುಂದೆ ರಸ್ತೆ ಅಗೆದರೆ ಆ ದುಡ್ಡು ಯಾವತ್ತೂ ವಾಪಸ್ ಬರಲ್ಲ. ಗುಜರಾತಿನ ಗಿಫ್ಟ್ ಸಿಟಿಯಲ್ಲಿ ಒಂದೇ ಕಡೆ ನೀರು ತಂಪು ಮಾಡಿ ಕಟ್ಟಡಗಳಿಗೆಲ್ಲ ಹಂಚುತ್ತಾರೆ. ಅಲ್ಲಿ ಎತ್ತರದ ಆಫೀಸ್ ಕಟ್ಟಡಗಳು ಒತ್ತೊತ್ತಾಗಿವೆ, ಹಗಲೆಲ್ಲ ತಂಪು ಬೇಕು. ನಿಮ್ಮದು ಆ ಲೆಕ್ಕವಲ್ಲ.

ಬೋರ್ ಕೊರೆಸಿ ಬಿಸಿಯನ್ನು ನೆಲಕ್ಕೆ ಬಿಡೋಣ ಅಂತಲೂ ಕೇಳಿದ್ದೀರಿ. ಇದರಲ್ಲಿ ತುಂಬ ಜನ ಎಡವುತ್ತಾರೆ. ಯುರೋಪಿನಲ್ಲಿ ಬೇಸಿಗೆಯಲ್ಲಿ ನೆಲಕ್ಕೆ ಹಾಕಿದ ಬಿಸಿಯನ್ನು ಚಳಿಗಾಲದಲ್ಲಿ ವಾಪಸ್ ತೆಗೆಯುತ್ತಾರೆ. ನೆಲ ಅವರಿಗೆ ಕಣಜ ಇದ್ದ ಹಾಗೆ, ತುಂಬುವುದೂ ಉಂಟು, ತೆಗೆಯುವುದೂ ಉಂಟು. ಮೈಸೂರಿನಲ್ಲಿ ಎಸಿಯ ಬಿಸಿ ಹಾಕುತ್ತಲೇ ಇದ್ದರೆ ತೆಗೆಯುವವರು ಯಾರು? ವರ್ಷದಿಂದ ವರ್ಷಕ್ಕೆ ಬೋರ್ ಸುತ್ತಲಿನ ಕಲ್ಲು ಬಿಸಿಯಾಗುತ್ತಾ ಹೋಗುತ್ತದೆ, ಎಸಿಗೆ ಕರೆಂಟ್ ಜಾಸ್ತಿ ಬೇಕಾಗುತ್ತದೆ. ನೀರನ್ನು ಆವಿ ಮಾಡಿ ಬಿಸಿ ಕಳೆಯುವ ಕೂಲಿಂಗ್ ಟವರ್ ಹಾಕಿದರೆ ಇನ್ನೊಂದು ಚಿಂತೆ. 1 ಟನ್ ಎಸಿ 1 ಗಂಟೆ ಓಡಿದರೆ 6 ಲೀಟರಿಗಿಂತ ಜಾಸ್ತಿ ನೀರು ಆವಿಯಾಗುತ್ತದೆ. ಕಾವೇರಿ ನೀರಿಗೆ ಟ್ಯಾಂಕರ್ ಕಾಯುವ ಕಾಲದಲ್ಲಿ ಅದು ಸಣ್ಣ ಮಾತಲ್ಲ.

ಹಾಗಾದರೆ ಆ ಬಿಸಿಯನ್ನು ಏನು ಮಾಡಬೇಕು? ಇದನ್ನು ನನಗೆ ಕಲಿಸಿದ್ದು ಮದ್ದೂರು ಹತ್ತಿರದ ಒಂದು ಹಳ್ಳಿಯ ಡೈರಿ. ಕೂಲರ್ ಕೆಟ್ಟಿದೆ ಅಂತ ಹೋಗಿದ್ದೆ. ರಿಪೇರಿ ಮುಗಿಸಿ ಹಿಂದೆ ಹೋದರೆ ಕೂಲರ್‌ನ ಬಿಸಿ ಹೊರಹಾಕುವ ಕಂಡೆನ್ಸರ್ ಫ್ಯಾನ್ ಭರ್ ಅಂತ ಬಿಸಿಗಾಳಿ ಉಗುಳುತ್ತಿತ್ತು. ಅಲ್ಲಿ ಯಾರೋ ಒದ್ದೆ ಟವಲ್ ಒಣಗಲು ಹಾಕಿದ್ದರು. ಹತ್ತು ಹೆಜ್ಜೆ ಆಚೆ ಒಬ್ಬರು ಅಜ್ಜಿ ಹಂಡೆ ಒಲೆಗೆ ತೆಂಗಿನ ಗರಿ ತುರುಕಿ, ಕ್ಯಾನ್ ತೊಳೆಯಲು ನೀರು ಕಾಯಿಸುತ್ತಿದ್ದರು. ಹೊಗೆಗೆ ಅವರ ಕಣ್ಣು ಕೆಂಪಾಗಿತ್ತು. 1000 ಲೀಟರ್ ಹಾಲನ್ನು 35ರಿಂದ 4 ಡಿಗ್ರಿಗೆ ಇಳಿಸಿದರೆ ಸುಮಾರು 35 ಯೂನಿಟ್ ಬಿಸಿ ಹೊರಗೆ ಬರುತ್ತದೆ. ಅದರಲ್ಲಿ ಅರ್ಧಕ್ಕಿಂತ ಕಡಿಮೆ ಹಿಡಿದರೂ 500 ಲೀಟರ್ ನೀರು 50 ಡಿಗ್ರಿಗೆ ಬರುತ್ತದೆ. ಮುಂದಿನ ತಿಂಗಳು ಕೂಲರ್‌ನ ಬಿಸಿ ಗ್ಯಾಸ್ ಹೋಗುವ ಲೈನಿಗೆ ಒಂದು ತಾಮ್ರದ ಕಾಯಿಲ್, ಒಂದು ಟ್ಯಾಂಕ್ ಸೇರಿಸಿದೆವು. ಅಜ್ಜಿ ಒಲೆ ಹಚ್ಚುವುದು ನಿಂತಿತು. ನನ್ನ ಕೆಲಸದಲ್ಲಿ ಇಷ್ಟು ಖುಷಿ ಕೊಟ್ಟದ್ದು ಬೇರೆ ಇಲ್ಲ.

ನಿಮ್ಮ ಜಾಗದಲ್ಲೂ ಅದೇ ಜೋಡಿ ಇದೆ. 200 ಹುಡುಗಿಯರಿಗೆ ತಲಾ 40 ಲೀಟರ್, ಒಟ್ಟು 8000 ಲೀಟರ್. 25ರಿಂದ 50 ಡಿಗ್ರಿಗೆ ತರಲು ಗೀಸರ್ ಆದರೆ ದಿನಕ್ಕೆ ಸುಮಾರು 230 ಯೂನಿಟ್. ಎದುರಿನ ಸೂಪರ್ ಮಾರ್ಕೆಟ್‌ನ ಫ್ರೀಜರ್ ಹಗಲು ರಾತ್ರಿ ಓಡುತ್ತವೆ. ಅವುಗಳ ಬಿಸಿಯನ್ನು 30 ಡಿಗ್ರಿ ನೀರಿಗೆ ಇಳಿಸಿ ರಸ್ತೆ ದಾಟಿಸಿ. ಹಾಸ್ಟೆಲ್‌ನ ಹೀಟ್ ಪಂಪ್ ಅದನ್ನು ಮೇಲಕ್ಕೆ ಎತ್ತುತ್ತದೆ. 1 ಯೂನಿಟ್ ಕರೆಂಟಿಗೆ 4 ಯೂನಿಟ್ ಬಿಸಿ ಸಿಕ್ಕರೆ, 58 ಯೂನಿಟ್‌ನಲ್ಲಿ ಕೆಲಸ ಆಯಿತು. ಉಳಿದದ್ದು ಅಂಗಡಿಯಿಂದ ಬರಬೇಕು. 24 ಗಂಟೆಗೆ ಹಂಚಿದರೆ ಅದು 7 ಕಿಲೋವಾಟ್ ಚಿಲ್ಲರೆ, ಎಸಿ ಲೆಕ್ಕದಲ್ಲಿ ಸುಮಾರು 2 ಟನ್. ಬಿಸಿನೀರನ್ನು ರಾತ್ರಿಯೆಲ್ಲ ಟ್ಯಾಂಕಿನಲ್ಲಿ ತುಂಬಿಸಿಟ್ಟರೆ ಬೆಳಗ್ಗೆ ಸ್ನಾನದ ನೂಕುನುಗ್ಗಲಿಗೂ ಸಾಲುತ್ತದೆ. ಟ್ಯಾಂಕನ್ನು ಉಗುರುಬೆಚ್ಚಗೆ ಮಾತ್ರ ಇಡಬೇಡಿ. ಅದರಲ್ಲಿ ಲೀಜಿಯೋನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಆಗಾಗ 60 ಡಿಗ್ರಿಗೆ ಏರಿಸಲೇಬೇಕು.

ಕಲ್ಯಾಣ ಮಂಟಪವನ್ನು ನಂಬಿಕೊಳ್ಳಬೇಡಿ. ಮುಹೂರ್ತ ಇದ್ದ ದಿನ ಎಸಿ ಭರ್ಜರಿ ಓಡುತ್ತದೆ, ಆಷಾಢ ಬಂದರೆ ತಿಂಗಳು ಪೂರ್ತಿ ಬೀಗ. ಹುಡುಗಿಯರಿಗೆ ಆಷಾಢದಲ್ಲೂ ಬಿಸಿನೀರು ಬೇಕಲ್ವಾ?

ನಿಮ್ಮ ಮನೆಗಳಿಗೆ ಸೋಲಾರ್ ಹೀಟರ್ ಹಾಕಿ, ತಾರಸಿಗೆ ಬಿಳಿ ಬಣ್ಣ ಬಳಿಯಿರಿ, ಪಶ್ಚಿಮದ ಗೋಡೆಗೆ ನೆರಳಾಗುವ ಹಾಗೆ ಹೊಂಗೆ ಗಿಡ ನೆಡಿ. ಎಸಿ ಎಷ್ಟೋ ದಿನ ಬೇಕೇ ಆಗಲ್ಲ.

ಒಂದು ಕೆಲಸ ಮಾತ್ರ ಈಗಲೇ ಮಾಡಿ. ಅಂಗಡಿಯ ಬಿಸಿಯನ್ನು ಹಾಸ್ಟೆಲಿಗೆ ಸಾಗಿಸಲು, ಹೋಗುವ ನೀರಿಗೂ ಬರುವ ನೀರಿಗೂ 5 ಡಿಗ್ರಿ ವ್ಯತ್ಯಾಸ ಇದ್ದರೆ ನಿಮಿಷಕ್ಕೆ ಸುಮಾರು 20 ಲೀಟರ್ ಸಾಕು. ಎರಡು ಸಣ್ಣ ಪೈಪಿನ ಕೆಲಸ. ಹಾಸ್ಟೆಲ್‌ನವರು, ಅಂಗಡಿಯವರು ಒಪ್ಪಲು ಇನ್ನೂ ಒಂದು ವರ್ಷ ಹಿಡಿಯಬಹುದು. ಆದರೆ ಆ ಪೈಪುಗಳನ್ನು ಆಮೇಲೆ ತೂರಿಸಲು, ರಸ್ತೆಗೆ ಕಾಂಕ್ರೀಟ್ ಬೀಳುವ ಮುಂಚೆ ಅಡ್ಡಲಾಗಿ 6 ಇಂಚಿನ ಖಾಲಿ ಪಿವಿಸಿ ಪೈಪ್ ಒಂದನ್ನು ಹೂತು, ಎರಡೂ ತುದಿಗೆ ಮುಚ್ಚಳ ಹಾಕಿ, ಜಾಗದ ಫೋಟೋ ತೆಗೆದಿಟ್ಟುಕೊಳ್ಳಿ.