ನನ್ನ ಪ್ಯಾನ್ ನಂಬರ್ ಬಳಸಿ ಯಾರೋ ಲೋನ್ ಆ್ಯಪ್‌ನಲ್ಲಿ ಸಾಲ ತೆಗೆದಿದ್ದಾರೆ. ಚಿಕ್ಕ ಮೊತ್ತ. ಕಟ್ಟಿ ಮುಗಿಸಿಬಿಡಲಾ? ಹೊಸ ಪ್ಯಾನ್ ಮಾಡಿಸಿಕೊಳ್ಳಲಾ?

ಕಟ್ಟಬೇಡಿ. ನಾನು ಕಟ್ಟಿ ಕೆಟ್ಟೆ.

2023ರ ಡಿಸೆಂಬರ್. ಶಿವಮೊಗ್ಗದಲ್ಲಿ ಮೂವತ್ತು-ನಲವತ್ತರ ಸೈಟಿತ್ತು, ಮನೆ ಸಾಲ ಕೇಳಲು ಬ್ಯಾಂಕಿಗೆ ಹೋಗಿದ್ದೆ. ಮ್ಯಾನೇಜರ್ ಕಂಪ್ಯೂಟರ್ ನೋಡಿ, "ಏನ್ ಸಾರ್, ಏಳು ಸಾವಿರ ಸಾಲ ತಗೊಂಡು ಕಟ್ಟೇ ಇಲ್ವಲ್ಲ?" ಎಂದರು. ನನಗಾಗ ಐವತ್ತೊಂದು ವರ್ಷ, ಊರಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ. ಆ ಆ್ಯಪ್‌ನ ಹೆಸರನ್ನೇ ಕೇಳಿರಲಿಲ್ಲ. ಪಕ್ಕದಲ್ಲಿ ಕೂತಿದ್ದವರು ನನ್ನ ಅಂಗಡಿಯ ಗಿರಾಕಿ. ಸಾಲಕ್ಕಿಂತ ಅದೇ ಜಾಸ್ತಿ ಉರಿಯಿತು.

ಸಾಲ ಕೊಟ್ಟ ಕಂಪನಿಗೆ ಫೋನ್ ಮಾಡಿದೆ. ಸಂಜೆ ವಸೂಲಿಯವನೊಬ್ಬ ತಿರುಗಿ ಫೋನ್ ಮಾಡಿದ. ಬಡ್ಡಿ, ದಂಡ ಸೇರಿ 11,400 ಆಗಿದೆ, ಇವತ್ತೇ ಕೊನೆ ದಿನ, ಈಗಲೇ ಹಾಕಿದರೆ 6,500ಕ್ಕೆ ಮುಗಿಸಿಕೊಡುತ್ತೇನೆ ಎಂದ. ಮನೆಯವಳು, "ಒಂದು ದಿನದ ವ್ಯಾಪಾರ ಅಂದ್ಕೊಳ್ಳಿ, ಪೀಡೆ ತೊಲಗಲಿ" ಎಂದಳು. ನನಗೂ ಹಾಗೇ ಅನಿಸಿತು. ನನ್ನ ಖಾತೆಯಿಂದ ಯುಪಿಐ ಮಾಡಿದೆ. ಎನ್‌ಒಸಿ (ಬಾಕಿ ಇಲ್ಲ ಅನ್ನುವ ಪತ್ರ) ಕೊಡಲು ಬೇಕು ಎಂದಿದ್ದಕ್ಕೆ ಆಧಾರ್‌ನ ಎರಡೂ ಬದಿಯ ಫೋಟೋ ವಾಟ್ಸಾಪ್ ಮಾಡಿದೆ. ಕೇಳಿದ್ದೆಲ್ಲ ಕೊಟ್ಟೆ ನೋಡಿ.

ಇದರಿಂದ ಆಗಿದ್ದೇನು ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನಮ್ಮ ಸಾಲಗಳ ಚರಿತ್ರೆ ಇರುವ ಕ್ರೆಡಿಟ್ ರಿಪೋರ್ಟ್ ಅಂತ ಒಂದಿದೆ, ಬ್ಯಾಂಕಿನವರು ನೋಡುವುದು ಅದನ್ನೇ. ಪೂರ್ತಿ ಹಣ ಕಟ್ಟಿದ ಸಾಲ ಅದರಲ್ಲಿ 'ಕ್ಲೋಸ್ಡ್' ಆಗುತ್ತದೆ. ಚೌಕಾಸಿ ಮಾಡಿ ಕಡಿಮೆ ಕಟ್ಟಿದರೆ 'ಸೆಟಲ್ಡ್' ಅಂತ ಬೀಳುತ್ತದೆ. ಬ್ಯಾಂಕಿನವರಿಗೆ ಅದರ ಅರ್ಥ, ಇವನ ಕೈಲಿ ಕಟ್ಟಲು ಆಗಲಿಲ್ಲ, ಉಳಿದಿದ್ದನ್ನು ಬಿಟ್ಟುಕೊಟ್ಟರು ಅಂತ. ಮನೆ ಸಾಲ ಅಲ್ಲಿಗೇ ನಿಂತಿತು. ಆಮೇಲೆ "ಈ ಸಾಲ ನನ್ನದಲ್ಲ" ಅಂತ ತಕರಾರು ಹಾಕಿದೆ. ನಿಮ್ಮ ಖಾತೆಯಿಂದಲೇ ಹಣ ಬಂದಿದೆ, ಹಾಗಾಗಿ ಸಾಲವೂ ನಿಮ್ಮದೇ ಎಂದು ಕಂಪನಿ ಉತ್ತರ ಕೊಟ್ಟಿತು. ನಾನು ಅದನ್ನು 6,500 ರೂಪಾಯಿ ಅಂತ ಲೆಕ್ಕ ಹಾಕಿದ್ದೆ. ಅವರು ಒಪ್ಪಿಗೆ ಅಂತ ಲೆಕ್ಕ ಹಾಕಿದರು. ಕದ್ದವನ ಸಾಲಕ್ಕೆ ನಾನೇ ಹೋಗಿ ಹೆಬ್ಬೆಟ್ಟು ಒತ್ತಿದ ಹಾಗಾಯಿತು.

ಇನ್ನೊಂದು ಮಾತು. ನಾನು ನೋಡಿದ್ದು ಸಿಬಿಲ್ ಅನ್ನುವ ಕಂಪನಿಯ ರಿಪೋರ್ಟ್ ಮಾತ್ರ. ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಅಂತ ಇಂಥವೇ ಬೇರೆ ಮೂರು ಕಂಪನಿಗಳಿವೆ. ನಾಲ್ಕೂ ಕಡೆ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಸಿಗುತ್ತದೆ. ತಡವಾಗಿ ತೆಗೆದು ನೋಡಿದರೆ ನನ್ನ ಹೆಸರಲ್ಲಿ ಇನ್ನೂ ಎರಡು ಸಾಲ!

ದಾರಿ ತೋರಿಸಿದ್ದು ನಮ್ಮ ಆಡಿಟರ್. "ಸಾಲ ನಂದಲ್ಲ ಅಂತ ಅಳಬೇಡಿ, ಹಣ ಯಾವ ಖಾತೆಗೆ ಹೋಯ್ತು ಅಂತ ಕೇಳಿ" ಎಂದರು. 2022ರಲ್ಲಿ ಆರ್‌ಬಿಐ ತಂದ ನಿಯಮದ ಪ್ರಕಾರ ಡಿಜಿಟಲ್ ಸಾಲದ ಹಣ ಸಾಲಗಾರನ ಖಾತೆಗೇ ಹೋಗಬೇಕು. ಅರ್ಜಿ, ಫೋಟೋ, ಮೊಬೈಲ್ ನಂಬರ್, ಖಾತೆ ನಂಬರ್ ಕೊಡಿ ಅಂತ ಕಂಪನಿಯ ದೂರು ಅಧಿಕಾರಿಗೆ ಮೇಲ್ ಹಾಕಿದೆ. ಮೂರು ವಾರದ ಮೇಲೆ ಬಂತು. ನನಗೆ ಸಂಬಂಧವೇ ಇಲ್ಲದ ಬ್ಯಾಂಕಿನ ಖಾತೆ. ಫೋಟೋದಲ್ಲಿದ್ದ ಹುಡುಗನಿಗೆ ಮೀಸೆಯೂ ಸರಿಯಾಗಿ ಬಂದಿರಲಿಲ್ಲ.

ಅದನ್ನೆಲ್ಲ ಇಟ್ಟುಕೊಂಡು ಸೈಬರ್‌ಕ್ರೈಮ್ ಪೋರ್ಟಲ್‌ನಲ್ಲಿ ದೂರು ಕೊಟ್ಟೆ, ಆಮೇಲೆ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗೆ ಹೋದೆ. (ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕಾದದ್ದು ನಿಮ್ಮ ಖಾತೆಯಿಂದ ಹಣ ಹೋದಾಗ, ಅದೂ ತಕ್ಷಣ.) ಗುರುತು ಕದಿಯುವುದು ಐಟಿ ಕಾಯ್ದೆಯ 66ಸಿ ಪ್ರಕಾರ ಅಪರಾಧ, ಮೂರು ವರ್ಷದವರೆಗೆ ಜೈಲು. ದೂರಿನಲ್ಲಿ ಅದನ್ನು ಬರೆಯಿರಿ. ಠಾಣೆಯಲ್ಲಿ ಕೇಳಿದ ಮೊದಲ ಪ್ರಶ್ನೆ: "ಮತ್ತೆ ನೀವ್ಯಾಕೆ ಕಟ್ಟಿದ್ರಿ?"

ದೂರಿನ ಪ್ರತಿ ಜೊತೆಗಿಟ್ಟು ತಕರಾರು ಹಾಕಿದೆ. ಕಟ್ಟದೇ ಇದ್ದ ಆ ಎರಡು ಸಾಲ ಐದು ವಾರದಲ್ಲಿ ಅಳಿಸಿಹೋದವು. ಕಟ್ಟಿದ್ದಕ್ಕೆ ಎಂಟು ತಿಂಗಳು ಹಿಡಿಯಿತು, ಬ್ಯಾಂಕು, ಸಾಲದ ಕಂಪನಿಗಳ ಮೇಲಿನ ದೂರು ಕೇಳುವ ಆರ್‌ಬಿಐ ಓಂಬುಡ್ಸ್‌ಮನ್‌ವರೆಗೂ ಹೋಗಬೇಕಾಯಿತು. ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಡ. ಮೊದಲು ಕಂಪನಿಗೆ ಬರೆದು 30 ದಿನ ಕಾದಿರಬೇಕು, ಅಷ್ಟೇ. 2024ರ ಏಪ್ರಿಲ್‌ನಿಂದ ಇನ್ನೊಂದು ಅನುಕೂಲ ಬಂದಿದೆ: ರಿಪೋರ್ಟಿನ ತಕರಾರು 30 ದಿನದಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ನಿಮಗೆ ಕೊಡಬೇಕು. ಕೇಳಿ ತಗೊಳ್ಳಿ.

ಹೊಸ ಪ್ಯಾನ್ ವಿಚಾರ ಬಿಟ್ಟುಬಿಡಿ. ಒಬ್ಬರಿಗೆ ಒಂದೇ ಪ್ಯಾನ್. ಎರಡಿಟ್ಟುಕೊಂಡರೆ ಹತ್ತು ಸಾವಿರ ದಂಡ.

ಇನ್ನು ಆಧಾರ್ ಯಾರಿಗೂ ಕೊಡಬೇಡಿ ಅನ್ನುವ ಉಪದೇಶ. ಲಾಡ್ಜಿನವರು ಕೇಳಿದರೆ ಏನು ಮಾಡುತ್ತೀರಿ? ಕೊಡಿ, ಆದರೆ ಮೊದಲ ಎಂಟು ಅಂಕಿ ಮುಚ್ಚಿರುವ ಮಾಸ್ಕ್ಡ್ ಆಧಾರ್ ಕೊಡಿ. ಜೆರಾಕ್ಸ್ ಮೇಲೆ ಯಾವ ಕೆಲಸಕ್ಕೆ, ಯಾವತ್ತು ಅಂತ ಅಡ್ಡಡ್ಡ ಬರೆಯಿರಿ. ನನ್ನದು ಸೋರಿದ್ದು ಪ್ರಿಂಟ್ ಹಾಕಿಸಲು ಸೈಬರ್ ಸೆಂಟರಿನ ವಾಟ್ಸಾಪ್‌ಗೆ ಕಳಿಸಿದಾಗ ಅಂತ ನನ್ನ ಗುಮಾನಿ. ಸಾಬೀತು ಮಾಡಲಾರೆ. ಸಂಚಾರ್ ಸಾಥಿ ಅನ್ನುವ ಸರ್ಕಾರಿ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನ ಸಿಮ್‌ಗಳನ್ನೂ ಒಮ್ಮೆ ನೋಡಿ. ನನಗೆ ಗೊತ್ತಿಲ್ಲದ ಒಂದು ನಂಬರ್ ಅಲ್ಲಿತ್ತು.

ನಿಮಗೂ ವಸೂಲಿಯವನು ಇವತ್ತೇ ಕೊನೆ ದಿನ ಅಂತ ಹೇಳುತ್ತಿರಬೇಕು, ಅಲ್ವಾ? ಬರೆದು ಕಳಿಸಪ್ಪಾ ಅಂದು ಫೋನಿಡಿ. ನನಗೆ ಡಿಸೆಂಬರ್‌ನಲ್ಲಿ ಕೊನೆ ದಿನ ಎಂದವನೇ ಫೆಬ್ರವರಿಯಲ್ಲಿ ಮತ್ತೆ ಫೋನ್ ಮಾಡಿದ, ಉಳಿದೆರಡು ಸಾಲಕ್ಕೆ. ಅವತ್ತೂ ಕೊನೆ ದಿನವೇ ಆಗಿತ್ತು.