ಗುಡ್ಡದಲ್ಲಿ ಸಿಕ್ಕಿದ ಮೂಳೆ ಚಿಕ್ಕಪ್ಪನದ್ದೇ ಅಂತ ಡಿಎನ್‌ಎಯಿಂದ ಗೊತ್ತಾಗುತ್ತದಾ? ಯಾರ ರಕ್ತ ಕೊಡಬೇಕು?

ನೀವು ಬರೆದದ್ದು ಇಷ್ಟು: ಚಿಕ್ಕಪ್ಪ ಮನೆ ಬಿಟ್ಟು ಹೋಗಿ ಆರು ವರ್ಷ ಆಯಿತು. ಈಗ ಕಾರ್ಕಳದ ಹತ್ತಿರ ಗುಡ್ಡದಲ್ಲಿ ಅಸ್ಥಿಪಂಜರ ಸಿಕ್ಕಿದೆ. ಪಕ್ಕದಲ್ಲಿದ್ದ ವಾಚು ಅವರದ್ದೇ ಅಂತ ಅಮ್ಮ ಹೇಳುತ್ತಾರೆ. ಅವರಿಗೆ ಮದುವೆ ಆಗಿರಲಿಲ್ಲ, ನಿಮ್ಮ ತಂದೆ ತೀರಿಕೊಂಡಿದ್ದಾರೆ. ಅಜ್ಜಿ (ಚಿಕ್ಕಪ್ಪನ ತಾಯಿ) ಮನೆಯಲ್ಲಿದ್ದಾರೆ, ಅತ್ತೆ (ಅಜ್ಜಿಯ ಮಗಳು) ಮುಂಬೈಯಲ್ಲಿ.

ನಾನು ಮಂಗಳೂರಿನಲ್ಲಿ ಫೊರೆನ್ಸಿಕ್ ವಿಭಾಗದಲ್ಲಿ ಕೆಲಸ ಮಾಡುವವನು. ಡಿಎನ್‌ಎ ಪರೀಕ್ಷೆ ನಾವು ಮಾಡುವುದಿಲ್ಲ. ಮೂಳೆ ನೋಡಿ, ಕಟ್ಟಿ, ಸೀಲ್ ಹಾಕಿ ಕಳಿಸುವವರು ನಾವು.

ಮೊದಲು ವಾಚಿನ ವಿಷಯ. ಅದೊಂದನ್ನೇ ನಂಬಿ ಬೊಜ್ಜ (ಉತ್ತರಕ್ರಿಯೆ) ಮಾಡಿ ಮುಗಿಸಬೇಡಿ. 2010ರ ಮೇ 22ರ ಬಜ್ಪೆ ವಿಮಾನ ದುರಂತದಲ್ಲಿ 158 ಜನ ಹೋದರು. ಹೆಚ್ಚಿನ ದೇಹಗಳನ್ನು ಮನೆಯವರು ನೋಡಿ, ಮೈಮೇಲಿದ್ದ ವಸ್ತು ಗುರುತಿಸಿ ಕೊಂಡುಹೋದರು. ಉಳಿದ 22 ದೇಹಗಳ ಡಿಎನ್‌ಎ ಪರೀಕ್ಷೆ ಹೈದರಾಬಾದಿನ ಸಿಡಿಎಫ್‌ಡಿ ಎಂಬ ಡಿಎನ್‌ಎ ಪರೀಕ್ಷಾ ಕೇಂದ್ರದಲ್ಲಿ ನಡೆಯಿತು. ಅದರಲ್ಲಿ 12 ಯಾರಿಗೂ ಹೊಂದಲೇ ಇಲ್ಲ. ಕೂಳೂರು–ತಣ್ಣೀರುಬಾವಿ ಬಳಿ ಫಲ್ಗುಣಿ ನದಿ ದಡದಲ್ಲಿ ಅವರನ್ನು ಮಣ್ಣು ಮಾಡಿದರು. ಗಡಿಬಿಡಿಯಲ್ಲಿ ಕೆಲವು ದೇಹ ಅದಲುಬದಲಾಯಿತಾ ಅಂತ ಆಗಲೇ ಪ್ರಶ್ನೆ ಎದ್ದಿತ್ತು. ಯಾರ್‍ಯಾರು ಇದ್ದರು ಅಂತ ಪಟ್ಟಿ ಇದ್ದ ವಿಮಾನದಲ್ಲೇ ಹೀಗೆ. ಗುಡ್ಡದಲ್ಲಿ ಸಿಕ್ಕಿದ ಮೂಳೆಗೆ ಪಟ್ಟಿ ಎಲ್ಲಿಂದ ಬರಬೇಕು?

ಇನ್ನೊಂದು ತಪ್ಪು ತಿಳುವಳಿಕೆ ಜಾಸ್ತಿ ಇದೆ. ಮೂಳೆಯನ್ನು ಮೆಷಿನ್‌ಗೆ ಹಾಕಿದರೆ ಹೆಸರು ಹೊರಗೆ ಬರುವುದಿಲ್ಲ. ಡಿಎನ್‌ಎ ಹೋಲಿಸಿ ನೋಡಬಹುದು, ಅಷ್ಟೆ. ಹೋಲಿಸಲಿಕ್ಕೆ ನಿಮ್ಮ ಮನೆಯವರು ಬೇಕು.

ಅದರಲ್ಲೂ ಅಜ್ಜಿ. ತಾಯಿಯ ಅರ್ಧ ಡಿಎನ್‌ಎ ಮಗನಲ್ಲಿ ಇದ್ದೇ ಇರುತ್ತದೆ, ಲ್ಯಾಬ್ ನೋಡುವ ಪ್ರತಿ ಜಾಗದಲ್ಲೂ ಒಂದು ಪಾಲು ಹೊಂದಬೇಕು. ಅದೂ ಅಲ್ಲದೆ ಜೀವಕೋಶದೊಳಗಿನ ಮೈಟೊಕಾಂಡ್ರಿಯಾ ಅನ್ನುವ ಪುಟ್ಟ ಭಾಗದ ಡಿಎನ್‌ಎ ಅಂತ ಬೇರೆಯೇ ಒಂದಿದೆ. ಅದು ತಾಯಿಯಿಂದ ಮಾತ್ರ ಬರುವುದು. ನಮ್ಮ ಅಳಿಯಕಟ್ಟಿನ (ತಾಯಿಯ ಕಡೆಯಿಂದ ವಂಶ ಎಣಿಸುವ) ಮನೆಗಳಲ್ಲಿ ಬರಿ, ಅಂದರೆ ಕುಲದ ಹೆಸರು, ಬರುವ ಹಾಗೆಯೇ ಅಂದುಕೊಳ್ಳಿ. ಒಂದೊಂದು ಜೀವಕೋಶದಲ್ಲೂ ಅದರ ನೂರಾರು ಪ್ರತಿಗಳು ಇರುವುದರಿಂದ ಹಳೇ ಮೂಳೆಯಲ್ಲಿ ಉಳಿದದ್ದೆಲ್ಲ ಹಾಳಾದರೂ ಅದು ಕೆಲವೊಮ್ಮೆ ಸಿಗುತ್ತದೆ. ಅತ್ತೆಯಲ್ಲೂ ಇರುವುದು ಅದೇ, ಹಾಗಾಗಿ ಅವರನ್ನೂ ಕರೆಸಿ.

ನೀವು ಗಂಡುಮಗನಾದರೆ ನಿಮ್ಮದೂ ಕೊಡಿ. ಅಜ್ಜ, ತಂದೆ, ಚಿಕ್ಕಪ್ಪ, ನೀವು, ನಾಲ್ಕು ಜನಕ್ಕೂ ವೈ ಕ್ರೋಮೊಸೋಮ್ (ತಂದೆಯಿಂದ ಮಗನಿಗೆ ಮಾತ್ರ ಬರುವ ಡಿಎನ್‌ಎ ಭಾಗ) ಒಂದೇ. ಆದರೆ ದಾಯಾದಿ ಗಂಡಸರೆಲ್ಲರಿಗೂ ಅದೇ ಇರುತ್ತದೆ, ಹಾಗಾಗಿ ಅದೊಂದೇ ಸಾಕಾಗುವುದಿಲ್ಲ. ನಿಮ್ಮಮ್ಮನ ರಕ್ತದಿಂದ ಇಲ್ಲಿ ಪ್ರಯೋಜನ ಇಲ್ಲ. ಬೇಜಾರು ಮಾಡಿಕೊಳ್ಳುವುದು ಬೇಡ ಅಂತ ಹೇಳಿ.

ನಮ್ಮ ವಿಭಾಗದಲ್ಲಿ ನಾವು ಮೊದಲು ನೋಡುವುದು ಮೂಳೆ ಮನುಷ್ಯನದ್ದಾ ಅಂತ. ನಗಬೇಡಿ, ಹಂದಿ, ದನದ ಮೂಳೆಯೂ ಬರುತ್ತದೆ. ಸೊಂಟದ ಮೂಳೆ ನೋಡಿದರೆ ಗಂಡೋ ಹೆಣ್ಣೋ ಗೊತ್ತಾಗುತ್ತದೆ. ತೊಡೆ ಮೂಳೆ ಅಳೆದರೆ ಎತ್ತರದ ಅಂದಾಜು ಸಿಗುತ್ತದೆ. ಚಿಕ್ಕಪ್ಪನಿಗೆ ಕೈಕಾಲು ಮುರಿದು ಪ್ಲೇಟ್ ಹಾಕಿದ್ದರಾ, ಹಲ್ಲು ಕೀಳಿಸಿದ್ದರಾ? ಹಳೇ ಎಕ್ಸ್‌ರೇ ಇದ್ದರೆ ಸ್ಟೇಷನ್ನಿಗೆ ಕೊಡಿ. ಎಷ್ಟೋ ಸಲ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಡಿಎನ್‌ಎಗೆ ಗಟ್ಟಿ ಇರುವ ದವಡೆ ಹಲ್ಲು, ಇಲ್ಲವೇ ತೊಡೆ ಮೂಳೆಯ ನಡುಭಾಗ ಕಳಿಸುತ್ತೇವೆ. ಒಣಗಿಸಿ ಕಾಗದದಲ್ಲಿ ಸುತ್ತಬೇಕು. ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ, ಫಾರ್ಮಲಿನ್‌ನಲ್ಲಿ ಇಟ್ಟರೆ ಡಿಎನ್‌ಎ ಕೆಡುತ್ತದೆ. ಲ್ಯಾಬಿನಲ್ಲಿ ಮೇಲಿನ ಪದರ ಉಜ್ಜಿ ತೆಗೆದು, ಒಳಗಿನ ತುಂಡನ್ನು ನೈಸಾಗಿ ಪುಡಿ ಮಾಡಿ, ಸುಣ್ಣದ ಅಂಶ ಕರಗಿಸುತ್ತಾರೆ. ಆಮೇಲೆ ಡಿಎನ್‌ಎ ಬಿಡಿಸುವುದು. ನಮ್ಮ ಕಡೆಯ ಮಳೆ, ಸೆಕೆ, ಹುಳಿ ಇರುವ ಮುರಕಲ್ಲು ಮಣ್ಣು, ಮೂರೂ ಡಿಎನ್‌ಎಗೆ ಶತ್ರುಗಳೇ. ಆರು ಮಳೆಗಾಲ ನೆನೆದ ಮೂಳೆಯಲ್ಲಿ ಏನೂ ಸಿಗದೇ ಹೋಗಬಹುದು. 'ಡಿಎನ್‌ಎ ಸಿಗಲಿಲ್ಲ' ಅಂತ ವರದಿ ಬಂದರೆ 'ಇದು ಅವರಲ್ಲ' ಅಂತ ಅರ್ಥ ಮಾಡಿಕೊಳ್ಳಬೇಡಿ. ಬೇರೆ ಹಲ್ಲೋ ಮೂಳೆಯೋ ಉಳಿದಿದ್ದರೆ ಮತ್ತೊಮ್ಮೆ ಕಳಿಸಿ ಅಂತ ಕೇಳಬಹುದು.

ವರದಿ ಮನೆಗೆ ಬರುವುದಿಲ್ಲ, ಪೊಲೀಸರಿಗೆ ಹೋಗುತ್ತದೆ. ತಿಂಗಳುಗಟ್ಟಲೆ ಹಿಡಿದರೂ ಆಶ್ಚರ್ಯ ಇಲ್ಲ. ಮೂಳೆ ಸಿಕ್ಕಿದ ಸ್ಟೇಷನ್ನಿನ ಯುಡಿಆರ್ (ಅಸಹಜ ಸಾವಿನ ವರದಿ) ನಂಬರು, ನೀವು ಕೊಟ್ಟ ಕಾಣೆಯಾದ ದೂರಿನ ನಂಬರು, ಎರಡನ್ನೂ ಒಂದೇ ಅರ್ಜಿಯಲ್ಲಿ ಬರೆದು ಕೊಡಿ. ಸ್ಟೇಷನ್ ಬೇರೆ ಬೇರೆಯಾದರೆ ಇದು ತುಂಬಾ ಮುಖ್ಯ. ಅಜ್ಜಿಯ ವಯಸ್ಸಿನ ಕಾರಣಕ್ಕೆ ಸ್ಯಾಂಪಲ್ ಈಗಲೇ ತೆಗೆದಿಡಿ ಅಂತಲೂ ಅದರಲ್ಲೇ ಕೇಳಿ. ಅವರಿಗೆ ಇತ್ತೀಚೆಗೆ ಬೇರೆಯವರ ರಕ್ತ ಏರಿಸಿದ್ದರೆ ಸ್ಯಾಂಪಲ್ ತೆಗೆಯುವವರಿಗೆ ಮೊದಲೇ ಹೇಳಿಬಿಡಿ.